ಗಾಳಿದೋಣಿಯ ತೂತು

ನನ್ನ ಕಡೆಯವರು ಯಾರೂ ನೀರಿನಲ್ಲಿ ಮುಳುಗಿ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀರೆಂದರೆ ನನಗೆ ಭಯ ಎಂದ ಕೂಡಲೇ ಜನ ಮುಖ ಸಣ್ಣಗೆ ಮಾಡಿಕೊಂಡು, "ಅಪ್ಪನಾ? ಅಣ್ಣನಾ?" ಎಂದು ಕೇಳುತ್ತಾರೆ. ಅಪ್ಪ ಮನೆಯ ಮಂಚದ ಮೇಲೆ, ಅಣ್ಣ ಆಸ್ಪತ್ರೆಯಲ್ಲಿ ಹೋದರು. ನನಗೆ ಸುಮ್ಮನೆ ಭಯ. ಯಾವ ಕಿಟಕಿ ತೆರೆದರೂ ಸರೋವರವೇ ಕಾಣುವ ಸೀಮೆಯಲ್ಲಿ ಹುಟ್ಟಿ ಇಂಥ ಭಯ ಇಟ್ಟುಕೊಳ್ಳುವುದು ನಾಚಿಕೆಗೇಡು ಎಂದು ಗೊತ್ತು. ಗೊತ್ತಾದ ಮಾತ್ರಕ್ಕೆ ಭಯವೇನು ಗಂಟು ಮೂಟೆ ಕಟ್ಟಿಕೊಂಡು ಹೊರಡುತ್ತದೆಯೇ?

ಇಂಥವಳಿಗೆ ಗಂಡನಾಗಿ ಸಿಕ್ಕವನು ಇಲ್ಪೊ. ಊರಾಡಳಿತದ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದ. ಬಿರುಗಾಳಿಗೆ ರಸ್ತೆ ಯಾವುದು, ಚರಂಡಿ ಯಾವುದು ಎಂದು ತಿಳಿಯದಂಥ ಬೆಳಗುಗಳಲ್ಲಿ ಎಲ್ಲರೂ ಕಂಬಳಿ ಎಳೆದುಕೊಂಡು ಮಲಗಿದ್ದರೆ, ಅವನು ಕಾಫಿ ಕುಡಿದು, ಕಿವಿ ಮುಚ್ಚುವ ಟೋಪಿ ಇಟ್ಟುಕೊಂಡು ಹೊರಟುಬಿಡುತ್ತಿದ್ದ. ರಜೆ ಸಿಕ್ಕರೆ ಮೀನು. ನವೆಂಬರಿನಲ್ಲಿ ಸರೋವರ ಹೆಪ್ಪುಗಟ್ಟಿದೆ ಎಂದು ಊರಿಗೆ ತಿಳಿಯುತ್ತಿದ್ದದ್ದೇ ಅದರ ಮೇಲೆ ಇಲ್ಪೊ ಕೂತಿರುವುದನ್ನು ಕಂಡು. ತೆಳ್ಳನೆಯ ಐಸಿಗೆ ತೂತು ಕೊರೆದು, ಮಡಚುವ ಸ್ಟೂಲಿನ ಮೇಲೆ ಕೂತು, ಗಾಳ ಇಳಿಬಿಟ್ಟುಕೊಂಡಿರುತ್ತಿದ್ದ. ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಆ ಕಪ್ಪು ಚುಕ್ಕೆ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಇದೆ ಎಂದರೆ ಒಂದು ಆಲೂಗಡ್ಡೆ ಸುಲಿಯುತ್ತಿದ್ದೆ. ಮತ್ತೆ ನೋಡುತ್ತಿದ್ದೆ.

"ಸೌನಾದ ಬಕೆಟ್ ನೀರಿಗೂ ಹೆದರ್ತಾಳೆ ನಮ್ಮ ತೆರ್ತು," ಎಂದು ಎಲ್ಲರೆದುರು ಹಾಸ್ಯ ಮಾಡುತ್ತಿದ್ದ. "ಮೈ ಮೇಲೆ ಹುಯ್ಕೋಬೇಕಾದ್ರೂ ಮೊದಲು ಆಳ ಎಷ್ಟಿದೆ ಅಂತ ನೋಡ್ತಾಳೆ."

ನಾನು ಅವನಿಗೆ ಒಂದು ಸಲವೂ 'ಹೋಗಬೇಡ' ಎಂದವಳಲ್ಲ. ಬೇರೆ ಎಲ್ಲದಕ್ಕೂ ಬಾಯಿ ಹಾಕುತ್ತೇನೆ. ಸಾಕ್ಸಿನಿಂದ ಹಿಡಿದು ಅವನು ಯಾರಿಗೆ ಮತ ಹಾಕಬೇಕು ಎನ್ನುವವರೆಗೆ ನನ್ನ ಅಭಿಪ್ರಾಯ ಇದ್ದೇ ಇರುತ್ತದೆ. ಆದರೆ ಅದೊಂದು ಮಾತು ಆಡಲಿಲ್ಲ. ಆಡಿದ್ದರೆ ಅವನು ನಿಂತುಬಿಡುತ್ತಿದ್ದನೋ ಏನೋ. ಅದೇ ನನಗೆ ಇನ್ನೊಂದು ಭಯ. ಇಲ್ಪೊ ಮನೆಯಲ್ಲಿ ಕೂತು ಹೊರಗೆ ನೋಡುತ್ತಿರುವುದನ್ನು ನನ್ನಿಂದ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ಅವನ ಮಂಡಿ ಕೈಕೊಟ್ಟಿತು. ಸರೋವರದ ದಡದಲ್ಲಿರುವ ನಮ್ಮ ಪುಟ್ಟ ಬೇಸಿಗೆ ಮನೆಯಲ್ಲಿ ಅವನ ಅಪ್ಪನ ಕಾಲದ ಮರದ ದೋಣಿ ಇದೆ. ಡಾಂಬರು ಬಳಿದದ್ದು, ಹೆಣಭಾರ. ಅದನ್ನು ನೀರಿಗೆ ನೂಕುವುದು, ಮತ್ತೆ ಮೇಲಕ್ಕೆ ಎಳೆಯುವುದು ಅವನಿಂದಾಗದೆ ಹೋಯಿತು. ದಡದ ಮೇಲೆ ಬೋರಲಾಗಿ ಬಿದ್ದು ಅದರ ಹಲಗೆ ಒಣಗಿ ಬಿರುಕು ಬಿಟ್ಟಿತು. ಆಗ ಅವನ ತಲೆಗೆ ಹೊಕ್ಕಿತು ಈ ಗಾಳಿದೋಣಿ. ಗಾಳಿ ತುಂಬಿದರೆ ಕಯಾಕ್ ಎಂಬ ಒಬ್ಬರು ಕೂರುವ ಸಪೂರ ದೋಣಿ, ಗಾಳಿ ಬಿಟ್ಟರೆ ಚೀಲದೊಳಗೆ ಮಡಚಿಡುವ ಗಂಟು.

"ಕಾರಿನ ಡಿಕ್ಕಿಯಲ್ಲಿ ಕೂರತ್ತೆ ಕಣೇ. ಒಂದು ಕೈಯಲ್ಲಿ ಎತ್ತಬಹುದು."

"ಗಾಳಿಯ ದೋಣಿಯಲ್ಲಿ ಗಾಳ ಹಿಡ್ಕೊಂಡು ಕೂರ್ತೀಯಾ?" ಎಂದೆ. "ಬಲೂನಿನ ಮೇಲೆ ಸೂಜಿ ಹಿಡ್ಕೊಂಡು ಕೂತ ಹಾಗೆ?"

"ನೀನೂ ಬಾ ಅಂಗಡಿಗೆ. ನೀನೇ ಆರಿಸು."

ಹೋದೆ. ಆರಿಸುವುದಕ್ಕಲ್ಲ, ಕೆಡಿಸುವುದಕ್ಕೆ.

ಕುವೊಪಿಯೊ ಪೇಟೆಯ ಆ ಅಂಗಡಿಯಲ್ಲಿ ನಮಗೆ ತೋರಿಸಿದವನು ಸಮುಲಿ ಎಂಬ ಕುರುಚಲು ಗಡ್ಡದವನು. ನಮ್ಮ ಹಾಗೇ ಅಪ್ಪಟ ಸಾವೊ ಸೀಮೆಯವನು. ನಮ್ಮವರು ನೆಟ್ಟಗೆ ಒಂದು ಉತ್ತರ ಕೊಟ್ಟರೆ ನಾಲಿಗೆ ಬಿದ್ದುಹೋಗುತ್ತದೆ. ಏನು ಕೇಳಿದರೂ ಅರ್ಧ ಉತ್ತರ ಕೊಟ್ಟು, ಉಳಿದರ್ಧ ಕೇಳಿದವರ ತಲೆಗೆ ಕಟ್ಟುತ್ತಾರೆ.

ಇಲ್ಪೊ ಹೋದವನೇ ಒಂದು ಕಡುಹಸಿರು ಬಣ್ಣದ, ಉದ್ದನೆಯ, ಕಿರಿದಾದ ಕಯಾಕಿನ ಮುಂದೆ ನಿಂತುಬಿಟ್ಟ. ಮದುವೆಗೆ ಮುಂಚೆ ಒಂದು ಸಲ ನನ್ನನ್ನು ಹಾಗೆ ನೋಡಿದ್ದ.

"ನೋಡು ತೆರ್ತು. ಹಾವಿನ ಹಾಗೆ ಹರಿಯತ್ತೆ ಇದು."

"ಹಾವಿನ ಹಾಗೇ ಹೊರಳತ್ತೆ."

"ನೀರಿನ ಬಣ್ಣ ಬೇರೆ. ಮೀನಿಗೆ ಕಾಣ್ಸಲ್ಲ."

"ನನಗೂ ಕಾಣ್ಸಲ್ಲ," ಎಂದೆ.

ಸಮುಲಿ ಕೆಮ್ಮಿದ. "ದೂರ ಹೋಗೋರಿಗೆ ಕಿರಿದು ಒಳ್ಳೇದು. ಕೂತು ಮೀನು ಹಿಡಿಯೋರಿಗೆ ಅಗಲ ಬೇಕು. ಮೀನನ್ನ ಎತ್ತೋಕೆ ಒಂದು ಕಡೆ ಬಾಗ್ತೀರಲ್ಲ, ಆಗ ಕಿರಿದಾಗಿದ್ರೆ ಅದೂ ನಿಮ್ಮ ಜೊತೆ ಬಾಗತ್ತೆ."

"ಮಗುಚತ್ತಾ?"

"ಮಗುಚಬಹುದು. ಮಗುಚದೇನೂ ಇರಬಹುದು."

ಅಲ್ಲಿಂದ ಮುಂದೆ ಆರಿಸಿದ್ದೆಲ್ಲ ನನ್ನ ಭಯವೇ. ಅಗಲವಾದದ್ದು ಬೇಕೆಂದೆ. ತಳ ಜೋತುಬೀಳುವಂಥದ್ದು ಬೇಡ, ಹಲಗೆಯ ಹಾಗೆ ಸೆಟೆದು ನಿಲ್ಲುವ ತಳ ಬೇಕೆಂದೆ. ಗಾಳಿಗೆ ಅಡ್ಡ ತಿರುಗದ ಹಾಗೆ ಅಡಿಯಲ್ಲಿ ಮೀನಿನ ರೆಕ್ಕೆಯಂಥದ್ದೊಂದು ಇರಲಿ ಎಂದೆ. ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿ ಮಕ್ಕಳ ಆಟಿಕೆಯಂಥದ್ದನ್ನೆಲ್ಲ ಪಕ್ಕಕ್ಕೆ ಸರಿಸಿದೆ. ಉಳಿದದ್ದು ಒಂದೇ. ಲಾರಿಯ ಟಾರ್ಪಾಲಿನಷ್ಟು ದಪ್ಪ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣ, ಮಂಡಿ ನೋವಿನವನಿಗೆ ಏಳಲು ಅನುಕೂಲವಾಗುವ ಎತ್ತರದ ಆಸನ. ಸಮುಲಿ ಅದಕ್ಕೆ ಗಾಳಿ ತುಂಬಿ ಅಂಗಡಿಯ ನಡುವೆಯೇ ಇಟ್ಟ. ಇಲ್ಪೊ ಬೂಟು ಬಿಚ್ಚಿ ಒಳಗೆ ಕೂತು ಇಲ್ಲದ ಗಾಳದ ಕೋಲನ್ನು ಬೀಸಿ ಇಲ್ಲದ ಮೀನನ್ನು ಎಳೆದ. ಉಣ್ಣೆ ಸಾಕ್ಸಿನಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅವನ ಮುಖದಲ್ಲಿ ಅಷ್ಟು ಸಂತೋಷ ನೋಡಿ ನನಗೆ ಅಳು ಬರುವ ಹಾಗಾಯಿತು.

ಪಕ್ಕದ ಗೋಡೆಯಿಂದ ಮೂರು ಮೊನೆಯ ಒಂದು ಗಾಳ ತೆಗೆದುಕೊಂಡು ಬಂದೆ. "ಇದನ್ನ ಚುಚ್ಚಿ ನೋಡ್ಲಾ?"

"ದುಡ್ಡು ಕೊಟ್ಟ ಮೇಲೆ ಚುಚ್ಚಿ," ಎಂದ ಸಮುಲಿ, ಗಾಬರಿಯಿಂದ. "ಮೂರು ಗಾಳಿಕೋಣೆ ಇದೆ ಇದಕ್ಕೆ. ಆ ಪಕ್ಕ ಒಂದು, ಈ ಪಕ್ಕ ಒಂದು, ತಳಕ್ಕೊಂದು. ಒಂದಕ್ಕೊಂದು ಸಂಬಂಧ ಇಲ್ಲ. ಒಂದು ಹೋದ್ರೆ ಇನ್ನೆರಡು ಹಿಡ್ಕೊಳ್ತವೆ."

"ಖಂಡಿತ ಹಿಡ್ಕೊಳ್ತವಾ?"

"ಹಿಡ್ಕೊಳ್ದೆ ಏನು ಮಾಡ್ತವೆ? ಗಾಳಿ ಮಾತ್ರ ಗಟ್ಟಿಯಾಗಿ ತುಂಬಿ. ಮೆತ್ತಗಾದ್ರೆ ನಡು ಬಗ್ಗತ್ತೆ, ನೀರು ಒಳಗೆ ಬರತ್ತೆ."

ಗಟ್ಟಿ. ಆ ಒಂದು ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡ ಹಾಗೆ ಹಿಡಿದುಕೊಂಡೆ. ಆ ಬೇಸಿಗೆಯೆಲ್ಲ ದಡದಲ್ಲಿ ಪಂಪು ಒತ್ತುವಾಗ ಪಕ್ಕದಲ್ಲಿ ನಿಂತು, "ಇನ್ನೂ ಗಟ್ಟಿ, ಇನ್ನೂ," ಎನ್ನುತ್ತಿದ್ದೆ. ಅವನು ನೀರಿಗಿಳಿದ ಮೇಲೆ ಮೆಟ್ಟಿಲಲ್ಲಿ ಕೂತು ಆ ಕಿತ್ತಳೆ ಬಣ್ಣವನ್ನು ಕಣ್ಣಿಂದ ಬಿಡದೆ ಹಿಡಿದಿರುತ್ತಿದ್ದೆ. ಫ್ಲಾಸ್ಕಿನ ಕಾಫಿ ಆರಿಹೋಗುತ್ತಿತ್ತು. ಅವನು ಪಟ್ಟೆಪಟ್ಟೆಯ ಅಹ್ವೆನ್ ಮೀನುಗಳನ್ನು ಹಿಡಿದು ತಂದು ನನ್ನ ಮುಂದೆ ಸುರಿದು, "ಇವತ್ತೂ ಸಾಯ್ಲಿಲ್ಲ ನೋಡು," ಎನ್ನುತ್ತಿದ್ದ. ನಾನು ಚೂರಿ ತೆಗೆದುಕೊಂಡು ಹುರುಪೆ ತೆಗೆಯಲು ಕೂರುತ್ತಿದ್ದೆ.

ಅಕ್ಟೋಬರ್ ಬಂತು. ಬರ್ಚ್ ಮರಗಳು ಬೋಳಾದವು. ನೀರು ಎಷ್ಟು ತಣ್ಣಗಾಗಿತ್ತೆಂದರೆ ಬಟ್ಟಲು ತೊಳೆಯಲು ಕೈ ಅದ್ದಿದರೆ ಮೂಳೆ ನೋಯುತ್ತಿತ್ತು. ಅಂಥ ನೀರಿಗೆ ಬಿದ್ದವರು ಮುಳುಗುವ ಮೊದಲೇ ಉಸಿರು ಕಳೆದುಕೊಳ್ಳುತ್ತಾರೆ. ಲೈಫ್ ಜಾಕೆಟ್ಟು ಅವರನ್ನು ತೇಲಿಸಿಡುತ್ತದೆ, ಅಷ್ಟೇ. ಈ ಸಂಗತಿ ನನಗೆ ಬಾಯಿಪಾಠ. ಇಲ್ಪೊಗೆ ಮಾತ್ರ ಅಹ್ವೆನ್ ಮೀನುಗಳು ಆಳಕ್ಕಿಳಿದು ಒಂದೆಡೆ ಗುಂಪುಗೂಡಿವೆ ಎನ್ನುವುದಷ್ಟೇ ಗೊತ್ತು.

ಆ ಬೆಳಿಗ್ಗೆ ದಡದಲ್ಲಿ ಹಿಮಗಾಳಿ. ಬೆರಳು ಮರಗಟ್ಟಿ ಪಂಪಿನ ಕೊಳವೆ ಕಯಾಕಿನ ಗಾಳಿಬಾಯಿಗೆ ಕೂರುತ್ತಿರಲಿಲ್ಲ.

"ಸೌನಾಗೆ ತಗೊಂಡ್ಹೋಗು," ಎಂದೆ ನಾನು. "ಒಲೆ ಹಚ್ಚಿದೀನಿ. ಅಲ್ಲಿ ಬೆಚ್ಚಗೆ ತುಂಬಬಹುದು."

ನಮ್ಮ ಜನಕ್ಕೆ ಸೌನಾದಲ್ಲಿ, ಆ ಬಿಸಿ ಹಬೆಯ ಸ್ನಾನದ ಮನೆಯಲ್ಲಿ, ಆಗದ ಕೆಲಸವೇ ಇಲ್ಲ. ಅತ್ತೆ ಇಲ್ಪೊನನ್ನು ಹೆತ್ತದ್ದೂ ಅದೇ ಸೌನಾದಲ್ಲಿ. ಬಟ್ಟೆ ಬಿಚ್ಚಿಡುವ ಮುಂಕೋಣೆಯಲ್ಲಿ ಕಯಾಕನ್ನು ಓರೆಯಾಗಿ ಹರಡಿ, ಒಲೆಯ ಕೋಣೆಯ ಬಾಗಿಲನ್ನು ಹಾರುಹೊಡೆದು ಇಟ್ಟೆವು. ಕಾವು ಧಗ್ಗೆಂದು ಬಂತು. ಇಲ್ಪೊ ಬನಿಯನ್ನಿನಲ್ಲಿ ನಿಂತು ಪಂಪು ಒತ್ತಿದ. ಅವನು ಬೆವತಾಗ ನಾನು ಒತ್ತಿದೆ. ಬಡಿದರೆ ತಮಟೆಯ ಹಾಗೆ ಸದ್ದು ಬರುವವರೆಗೆ ಬಿಡಲಿಲ್ಲ. ಆಮೇಲೆ ಇಬ್ಬರೂ ಹೊತ್ತುಕೊಂಡು ಹೋಗಿ ನೀರಿಗೆ ಬಿಟ್ಟೆವು.

ಅವನು ನಮ್ಮ ದಡದ ಮುಂದಿನ ಕೊಲ್ಲಿಯ ನಡುವಿಗೆ ಹೋಗಿ ನಿಂತ. ಗಾಳಿ ದಡದಿಂದ ಆಚೆಗೆ ಬೀಸುತ್ತಿತ್ತು. ಕೋಲು ಬೀಸಿದ್ದು ಕಂಡಿತು. ಒಂದು ಮೀನು ಎತ್ತಿದ್ದೂ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕಯಾಕಿನ ಮೂತಿ ಮೇಲಕ್ಕೆದ್ದಿತ್ತು. ಬಾಲವೂ ಮೇಲಕ್ಕೆದ್ದಿತ್ತು. ನಡುವೆ ಇಲ್ಪೊ ಇದ್ದ ಜಾಗ ತಗ್ಗಿತ್ತು.

ನೀರಿನಂಚಿಗೆ ಓಡಿದೆ. "ಇಲ್ಪೊ! ಏನಾಯ್ತು?"

"ಗಾಳ ಚುಚ್ಚಿಬಿಟ್ಟಿದೆ!" ಅವನ ದನಿ ನೀರಿನ ಮೇಲೆ ತೆಳ್ಳಗೆ ಬಂತು. "ಗಾಳಿ ಹೋಗ್ತಾ ಇದೆ!"

"ವಾಪಸ್ ಬಾ! ಹುಟ್ಟು ಹಾಕು!"

"ಆಗಲ್ಲ! ತೂತು ಮುಚ್ಕೊಂಡಿದೀನಿ!"

ಎರಡೂ ಅಂಗೈಯನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದು ಕೂತಿದ್ದ. ಹುಟ್ಟು ತೊಡೆಯ ಮೇಲಿತ್ತು. ಕೈ ಎತ್ತದೆ ಹುಟ್ಟು ಹಾಕುವಂತಿಲ್ಲ, ಹುಟ್ಟು ಹಾಕದೆ ಬರುವಂತಿಲ್ಲ. ಗಾಳಿ ಅವನನ್ನು ಕೊಲ್ಲಿಯ ಬಾಯಿಯ ಕಡೆಗೆ, ಆಚೆ ದಡವೇ ಕಾಣದ ದೊಡ್ಡ ನೀರಿನ ಕಡೆಗೆ ಮೆಲ್ಲಗೆ ತಳ್ಳುತ್ತಿತ್ತು.

ಫೋನು ಒಳಗಿತ್ತು. ಅದು ನೆನಪಿಗೇ ಬರಲಿಲ್ಲ. ಆ ಹೆಣಭಾರದ ಮರದ ದೋಣಿಯನ್ನು ಮಗುಚಿ ನೀರಿಗೆ ನೂಕಿದವಳು ನಾನೇ ಎಂದು ಈಗ ಹೇಳಿದರೆ ನನಗೇ ನಂಬಿಕೆ ಬರುವುದಿಲ್ಲ. ಹತ್ತಿ ಕೂತ ಕೂಡಲೇ ಬಿರುಕುಗಳಿಂದ ನೀರು ಸುರಿಯತೊಡಗಿತು. ಬೂಟಿನೊಳಗೆ ಬಂತು, ಕಣಕಾಲಿಗೆ ಬಂತು. ನಾನು ಜೋರಾಗಿ ಅಳುತ್ತ ಹುಟ್ಟು ಎಳೆದೆ. ದೇವರನ್ನೂ ಕರೆದೆ, ಸಮುಲಿಯನ್ನೂ ಬೈದೆ. ಹೋಗುವ ಕಡೆಗೆ ಬೆನ್ನು ಮಾಡಿ ಕೂತು ಹುಟ್ಟು ಎಳೆಯುವವರಿಗೆ ಮುಂದೆ ಏನಿದೆ ಎಂದು ಕಾಣುವುದಿಲ್ಲ, ಬಿಟ್ಟುಬಂದ ದಡವಷ್ಟೇ ಕಾಣುತ್ತದೆ. ನನ್ನ ಬೆನ್ನ ಹಿಂದೆ ಅವನು ಇದ್ದಾನೋ ಇಲ್ಲವೋ ತಿಳಿಯದೆ ಎಳೆದೆ. ತಿರುಗಿ ನೋಡಿದರೆ ಬರೀ ನೀರು ಕಂಡೀತು ಎಂಬ ಭಯಕ್ಕೆ ತಿರುಗಲಿಲ್ಲ.

"ಬರಬೇಡ್ವೇ! ಆ ದೋಣಿ ಸೋರತ್ತೆ!" ಎಂದು ಕೂಗುತ್ತಿದ್ದ. ಆ ಕೂಗು ಕೇಳುವವರೆಗೂ ಬದುಕಿದ್ದಾನೆ ಎಂದು ಲೆಕ್ಕ.

ಹತ್ತಿರ ಹೋದಾಗ ಅವನು ಸೊಂಟದವರೆಗೂ ನೀರಿನಲ್ಲಿ ಕೂತಿದ್ದ. ಕಯಾಕು ನೆನೆದ ರೊಟ್ಟಿಯ ಹಾಗೆ ಮೆತ್ತಗಾಗಿತ್ತು. ತುಟಿ ನೀಲಿ. ಕೋಲು ಎಲ್ಲೋ ಹೋಗಿತ್ತು.

"ಕೈ ಬಿಡು, ಇಲ್ಪೊ. ನನ್ನ ದೋಣಿ ಹಿಡ್ಕೊ."

"ಬಿಟ್ರೆ ಮುಳುಗ್ತೀನಿ."

"ನಾನಿದೀನಿ. ಹಿಡ್ಕೊ."

"ಬಿಡಲ್ಲ, ತೆರ್ತು. ಬಿಡಲ್ಲ."

ಚಿಕ್ಕ ಹುಡುಗನ ದನಿ ಅದು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನಮ್ಮ ದೋಣಿಯ ಹಿಂಬದಿಯ ಅಂಚಿಗೆ ಹಚ್ಚಬೇಕಾಯಿತು. ಅವನು ಅದನ್ನು ಹಿಡಿದ. ಕಯಾಕು ಅವನ ಕೆಳಗೇ ಇತ್ತು, ಮುಳುಗಲಿಲ್ಲ. ನಾನು ಎಳೆಯತೊಡಗಿದೆ. ಈಗ ನನ್ನ ಎದುರಿಗೆ ಅವನ ಮುಖ, ಎರಡು ಮೊಳ ದೂರದಲ್ಲಿ. ದಡ ತಲುಪುವವರೆಗೂ ಅದೊಂದೇ ನನಗೆ ಕಾಣುತ್ತಿದ್ದದ್ದು. ಜೀವನವೆಲ್ಲ ನಾನು ಕನ್ನಡಿಯಲ್ಲಿ ನೋಡಿಕೊಂಡ ಭಯ ಅವನ ಕಣ್ಣಲ್ಲಿತ್ತು. ಅವನಿಗೆ ಅದು ಹೊಸದು. ಏನು ಮಾಡಬೇಕೆಂದು ಗೊತ್ತಿರಲಿಲ್ಲ ಅವನಿಗೆ. ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ.

"ನನ್ನನ್ನೇ ನೋಡ್ತಿರು," ಎಂದೆ. "ನೀರು ನೋಡಬೇಡ."

ದಡಕ್ಕೆ ಬಂದೆವು. ಅವನ ಬಟ್ಟೆ ಕಿತ್ತು ಸೌನಾದ ಮೇಲಿನ ಅಟ್ಟಣೆಯಲ್ಲಿ ಕೂರಿಸಿದೆ. ಬೆಚ್ಚಗಿನ ಸಕ್ಕರೆ ನೀರು ಕುಡಿಸಿದೆ. ತುಟಿಗೆ ಬಣ್ಣ ಬಂದ ಮೇಲೆ ಕಯಾಕನ್ನು ಮುಂಕೋಣೆಗೆ ಎಳೆತಂದೆ. ಆ ದರಿದ್ರ ತೂತು ಎಲ್ಲಿದೆ ನೋಡೇಬಿಡುತ್ತೇನೆ ಎಂದು ಬಕೆಟ್ಟಿನಲ್ಲಿ ಸೋಪಿನ ನೊರೆ ಮಾಡಿ ಹಳೆಯ ಬಟ್ಟೆಯಿಂದ ಬಳಿಯುತ್ತ ಬಂದೆ. ಗಾಳಿ ಹೋಗುವ ಕಡೆ ಗುಳ್ಳೆ ಏಳಬೇಕು. ಒಂದು ಪಕ್ಕ ಆಯಿತು, ಇನ್ನೊಂದು ಪಕ್ಕ ಆಯಿತು, ತಳವೂ ಆಯಿತು. ಒಂದು ಗುಳ್ಳೆಯೂ ಇಲ್ಲ. ಅಷ್ಟರಲ್ಲಿ ಕೈಯ ಕೆಳಗೆ ಅದು ತಾನೇ ತಾನಾಗಿ ಸೆಟೆಯತೊಡಗಿತ್ತು. ಕಿರ್ ಎಂದಿತು. ಬಡಿದು ನೋಡಿದೆ. ತಮಟೆ.

"ಇಲ್ಪೊ, ಬಾ ಇಲ್ಲಿ!"

ಟವಲು ಸುತ್ತಿಕೊಂಡು ಬಂದ. ಬೆರಳಿಂದ ಒತ್ತಿದ. ಮೂರು ಕೋಣೆಗಳನ್ನೂ ಒತ್ತಿದ. ಮೂರೂ ಕಲ್ಲಿನ ಹಾಗಿದ್ದವು. ಒಂದು ಗಾಳ ಮೂರನ್ನೂ ಒಟ್ಟಿಗೆ ಚುಚ್ಚುವುದಾದರೂ ಹೇಗೆ? ಅವನು ನಿಧಾನವಾಗಿ ಬೆಂಚಿನ ಮೇಲೆ ಕೂತ.

"ಚಕ್ರ," ಎಂದ.

"ಏನು?"

"ಗಾಡಿ ಚಕ್ರ. ಮೊದಲ ಚಳಿ ಬಿದ್ದ ದಿನ ಎಲ್ಲಾ ಚಕ್ರಾನೂ ಮೆತ್ತಗಾಗ್ತಾವೆ. ತೂತಿರಲ್ಲ. ಬಿಸಿ ಗಾಳಿ ತಣ್ಣಗಾದ್ರೆ ಕುಗ್ಗತ್ತೆ." ಟವಲನ್ನು ಬಿಗಿ ಮಾಡಿಕೊಂಡ. "ಹೊಸದಾಗಿ ಕೆಲಸಕ್ಕೆ ಬಂದೋರಿಗೆಲ್ಲ ನಾನೇ ಹೇಳಿಕೊಡ್ತಿದ್ದೆ."

ಸೌನಾದ ಕಾವಿನಲ್ಲಿ ತುಂಬಿ ಐಸಿನಂಥ ನೀರಿಗೆ ಬಿಟ್ಟಿದ್ದೆವು. ಅಷ್ಟೇ ನಡೆದದ್ದು. ಸ್ವಲ್ಪ ಮೆತ್ತಗಾದ ಕಯಾಕಿನಲ್ಲಿ, ತೊಯ್ದ ಕುಂಡೆಯಲ್ಲಿ ಹುಟ್ಟು ಹಾಕಿಕೊಂಡು ಅವನು ತಾನೇ ಬರಬಹುದಿತ್ತು. ಅವನು ಜೀವ ಬಿಗಿಹಿಡಿದು ಕೈಯೊತ್ತಿದ್ದದ್ದು ಇಲ್ಲದ ತೂತಿಗೆ.

ನಾನು ನಕ್ಕೆ. ನಗು ನಿಲ್ಲಿಸಲಾಗಲಿಲ್ಲ. ಅವನೂ ನಕ್ಕ.

"ಹಾಗಾದ್ರೆ ದೋಣಿಗೆ ಏನೂ ಆಗಿಲ್ಲ," ಎಂದ. "ನಾಳೆ ಮತ್ತೆ ಹೋಗಬಹುದು."

"ಹೋಗಬಹುದು," ಎಂದೆ ನಾನೂ. ಏಕೆ ಹಾಗೆಂದೆನೋ. ಅವನ ಕೈಯಲ್ಲಿದ್ದ ಲೋಟ ಬೆಂಚಿಗೆ ತಗುಲಿ ಟಕಟಕ ಎನ್ನುತ್ತಿತ್ತು. ಅವನು ಅದನ್ನು ಕೆಳಗಿಟ್ಟು ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ನಾನು ನೋಡದವಳ ಹಾಗೆ ಒಲೆಗೆ ಸೌದೆ ತರುತ್ತೇನೆಂದು ಹೊರಗೆ ಹೋದೆ.

ಸೌದೆ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ನಾಳೆ. ನಾಳಿದ್ದು. ಮತ್ತೆ ಮೆಟ್ಟಿಲ ಮೇಲೆ ಕೂರಬೇಕು. ತೂತು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಸೌದೆ ತಬ್ಬಿಕೊಂಡು ಹಿಂದಿರುಗಿ ಮುಂಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿದೆ. ಒಳಗೆ ಸ್ಸ್ ಎಂಬ ಸದ್ದು.

ಇಲ್ಪೊ ಕಯಾಕಿನ ಪಕ್ಕ ಮಂಡಿಯೂರಿ ಕೂತಿದ್ದ, ಆ ನೋಯುವ ಮಂಡಿಯ ಮೇಲೆ. ಬಲಗೈ ಟವಲಿನ ಹಿಂದೆ ಇತ್ತು. ಮೀನು ಸೀಳುವ ಚೂರಿಯ ಹಿಡಿ ಅಲ್ಲಿಂದ ಸ್ವಲ್ಪ ಇಣುಕುತ್ತಿತ್ತು.

"ಸಿಕ್ತು, ತೆರ್ತು," ಎಂದ. ನನ್ನ ಕಡೆ ನೋಡಲಿಲ್ಲ. "ತೂತು ಸಿಕ್ತು. ನಾನು ಹೇಳ್ಲಿಲ್ವಾ, ಗಾಳ ಚುಚ್ಚಿದೆ ಅಂತ."

ಇಷ್ಟು ವರ್ಷ ಆ ಕಿಟಕಿಯಲ್ಲಿ ನಿಂತು ನಾನು ಬೇಡಿಕೊಂಡದ್ದು ಇದನ್ನೇ. ಅವನಿಗೆ ನೀರಿನ ಭಯ ಬರಲಿ, ಸ್ವಲ್ಪವಾದರೂ ಬರಲಿ ಎಂದು. ಬಂದಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಸೌದೆ ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತೆ. ಉಗುರಿನಷ್ಟು ಅಗಲದ ಸೀಳು. ಬಾಗಿ ನೋಡಿದೆ.

"ಹೌದಲ್ಲೋ," ಎಂದೆ. "ಗಾಳದ್ದೇ ಗುರುತು. ನಾನು ಸರಿಯಾಗಿ ನೋಡೇ ಇಲ್ಲ."

ಅವನು ಉಸಿರು ಬಿಟ್ಟ. ಅಂಟು, ತೇಪೆ, ಕತ್ತರಿ ಎಲ್ಲ ಇರುವ ಪೆಟ್ಟಿಗೆ ಅವನ ತಲೆಯ ಮೇಲಿನ ಹಲಗೆಯಲ್ಲೇ ಇತ್ತು. ಇಬ್ಬರಿಗೂ ಕಾಣುತ್ತಿತ್ತು.

"ಇದು ರಿಪೇರಿ ಆಗಲ್ಲ, ಅಲ್ವಾ?" ಎಂದು ಕೇಳಿದ.

"ಆಗಲ್ಲ," ಎಂದೆ.